ಹಿಂದೆ ನಡೆದ ಮಾಮಾ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಹೊಸ ಅಳಿಯ ಬಾಯಿ ಬಿಡದೆ ಕುಳಿತು, ಹೆಂಡತಿಯ ತಮ್ಮಂದಿರು ಕಾಡಿದ್ದನ್ನೆಲ್ಲ ಸಹಿಸಬೇಕು. ಆ ಸಲಿಗೆಯಲ್ಲಿ ಅಕ್ಕನ ಮದುವೆಯ ಪಂಕ್ತಿಯಲ್ಲಿ ಮಾಮಾನ ಮಾತನ್ನು ಅಣಕಿಸಿದೆ. ಮಾಮಾ ಎಂದರೆ ಅಕ್ಕನ ಗಂಡ; ತೆಲಂಗಾಣದ ಗಡಿಯ ಊರಿನವರು, ಕನ್ನಡವನ್ನು ತೆಲುಗಿನ ಹಾಗೆ ಎಳೆದು ಆಡುತ್ತಾರೆ. ಅವರೊಬ್ಬರನ್ನು ಬಿಟ್ಟು ಎಲ್ಲರೂ ನಕ್ಕರು. ಆಮೇಲೆ ಅವರು ಶಹಾಬಾದಿನ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಮೊದಲ ದೀಪಾವಳಿ ಹತ್ತಿರ ಬಂದಿತ್ತು. ಗಂಡ ಬಾರದಿದ್ದರೆ ತಾನೂ ಬರುವುದಿಲ್ಲ ಎಂದಳು ಅಕ್ಕ. ಅವ್ವ ನನ್ನ ಜೊತೆ ಮಾತು ಬಿಟ್ಟಳು.

ಅಂಥ ಮಾಮಾ ತಾವಾಗಿ ಫೋನ್ ಮಾಡಿ, "ಚಿಂಚೋಳಿ ಅಡವ್ಯಾಗ ಅಡ್ಡಾಡಿ ಬರೋಣು, ಬಾ" ಎಂದರೆ ಸಂಶಯ ಬರದೆ ಇರುತ್ತದೆಯೇ?

ಆದರೂ ಹೋದೆ. ಆ ಅಡವಿಯ ಚಂದ್ರಂಪಳ್ಳಿ ಜಲಾಶಯದ ಪಕ್ಕದ ಗುಡ್ಡವನ್ನು ಮೂವರೂ ಹತ್ತತೊಡಗಿದೆವು. ಅಕ್ಕ ಮುಂದೆ, ಮಾಮಾ ಹಿಂದೆ. ನನ್ನನ್ನು ನಡುವೆ ಯಾಕೆ ಹಾಕಿದರು? ಅವರ ಹೆಗಲಿನ ಚೀಲ ಉಬ್ಬಿತ್ತು. ಅದರಲ್ಲಿ ಏನಿದೆ ಎಂದು ಕೇಳಿದೆ.

"ಮ್ಯಾಲ ಹೋದಮ್ಯಾಲ ಗೊತ್ತಾಗ್ತದ."

ಮೇಲೆ ಎಂದರೆ ಗುಡ್ಡದ ಮೇಲೋ, ಇನ್ನೂ ಮೇಲೋ?

"ಇಲ್ಲಿ ಕರಡಿ ಅವ ಏನ್ರಿ ಮಾಮಾ?"

"ಅವ. ಭಾಳ ಬಾಯಿ ಮಾಡೋರ ಕಡಿಗಿ ಬರ್ತಾವ."

ನಾನು ಬಾಯಿ ಮುಚ್ಚಿದೆ. ಹುಟ್ಟಿದ ಮೇಲೆ ಅಷ್ಟು ಹೊತ್ತು ಮುಚ್ಚಿದ್ದು ಅದೇ ಮೊದಲು.

ತಿರುವಿನಲ್ಲಿ ಹಿಂದಿನಿಂದ ಗುಸುಗುಸು ಕೇಳಿತು. ತಿರುಗಿದರೆ ಮಾಮಾ ತೇಗದ ಮರ ನೋಡುತ್ತ ನಿಂತಿದ್ದರು. ನಡೆದರೆ ಮತ್ತೆ ಗುಸುಗುಸು. ಯಾರ ಜೊತೆ? ಅಲ್ಲಿ ಫೋನಿಗೆ ನೆಟ್‌ವರ್ಕ್ ಕೂಡ ಇರಲಿಲ್ಲ. ನನ್ನನ್ನು ಅಡವಿಯಲ್ಲೇ ಬಿಟ್ಟು ಹೋಗುವ ಹಂಚಿಕೆ ಎಂದು ಖಾತ್ರಿಯಾಗಿ, ದಾರಿಬದಿಯ ಬಂಡೆಯ ಹಿಂದೆ ಅಡಗಿದೆ.

ಮಾಮಾ ಬಂಡೆ ದಾಟಿ ಅಕ್ಕನನ್ನು ಸೇರಿದರು. ಆಗ ನನ್ನದೇ ಧ್ವನಿ ಕೇಳಿತು. "ಅಕ್ಕಾ, ಕಾಲ್ ನೋಯ್ಲಿಕತ್ತಾವ. ಅಕ್ಕಾ, ಕರಡಿ ಬಂದ್ರ ನೀ ಮುಂದ ಹೋಗು." ಅದೇ ಮೂಗಿನ ರಾಗ, ಮಾತಿಗೊಮ್ಮೆ ಅದೇ ಅಕ್ಕಾ. ಅಕ್ಕ ನಗು ತಡೆಯಲಾರದೆ ಕಲ್ಲಿನ ಮೇಲೆ ಕುಳಿತುಬಿಟ್ಟಳು. ದಾರಿಯುದ್ದಕ್ಕೂ ಅವರು ನನ್ನನ್ನೇ ಕಲಿಯುತ್ತಿದ್ದರು.

ನಾನು ಹೊರಗೆ ಬಂದೆ. ಅವರು ನಾಚಲಿಲ್ಲ, ಚೀಲ ಬಿಚ್ಚಿದರು. ಜೋಳದ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ. ಮೊದಲು ನನಗೇ ಕೊಟ್ಟರು. ಅದನ್ನೂ ಮೂಸಿ ನೋಡಿದೆ.

"ದೀಪಾವಳಿಗಿ ಬರ್ತೀರೇನ್ರಿ ಮಾಮಾ?"

ರೊಟ್ಟಿ ಮುರಿಯುತ್ತ ಅಂದರು, "ಬರ್ತೀನಿ. ಆದ್ರ ಅವತ್ತ ನಾ ನೀ ಆಗ್ತೀನಿ. ನೀ ಅಳಿಯ ಆಗಿ ಬಾಯಿ ಮುಚ್ಚಿ ಕುಂದ್ರು."