ಹೈಸ್ಕೂಲಿಗೆ ಹೆಣ್ಣು ಕೊಡುವ ಮುನ್ನ

ಮಕ್ಕಳನ್ನು ಹೈಸ್ಕೂಲಿಗೆ ಸಿದ್ಧಪಡಿಸುವುದು ಹೇಗೆ ಎಂಬ ಬಗ್ಗೆ ನನ್ನಷ್ಟು ಭಾಷಣ ಬಿಗಿದವರು ಗುಬ್ಬಿ ತಾಲ್ಲೂಕಿನಲ್ಲಿ ಇನ್ನೊಬ್ಬರು ಸಿಗಲಾರರು. ಇದನ್ನು ಜಂಬ ಎಂದುಕೊಳ್ಳಬೇಡಿ, ತಪ್ಪೊಪ್ಪಿಗೆ. ತೊಂಬತ್ತರ ದಶಕದಲ್ಲಿ ನಾನೊಂದು ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿಯ ಮೇಷ್ಟ್ರಾಗಿದ್ದೆ. ನಮ್ಮ ಶಾಲೆ ಏಳಕ್ಕೇ ಮುಗಿಯುತ್ತಿತ್ತು. ಎಂಟಕ್ಕೆ ಏಳು ಕಿಲೋಮೀಟರ್ ಆಚೆಯ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಬೇಕಿತ್ತು. ಯಾವ ಹೈಸ್ಕೂಲು ಎಂದು ಮಾತ್ರ ಕೇಳಬೇಡಿ, ಅಲ್ಲಿ ನನಗೆ ಇನ್ನೂ ಸ್ನೇಹಿತರಿದ್ದಾರೆ.

ಪ್ರತಿವರ್ಷ ಪರೀಕ್ಷೆ ಮುಗಿದ ಮೇಲೆ ಮಕ್ಕಳ ಮನೆಯವರನ್ನೆಲ್ಲ ಶಾಲೆಯ ಜಗಲಿಯಲ್ಲಿ ಕೂರಿಸಿಕೊಂಡು ನಾನು ಉಪದೇಶ ಮಾಡುತ್ತಿದ್ದೆ. ತುಮಕೂರಿನಲ್ಲಿ ಮೂರು ದಿನದ ತರಬೇತಿಗೆ ಹೋಗಿ ಬಂದ ಮೇಲಂತೂ ನನ್ನನ್ನು ಹಿಡಿಯುವವರೇ ಇರಲಿಲ್ಲ. 'ಪೋಷಕರ ಮಾನಸಿಕ ಸಿದ್ಧತೆ' ಎಂಬ ಮಾತು ಅಲ್ಲಿ ಕಲಿತದ್ದು. ಬೀಜಗಣಿತ ಬರುತ್ತದೆ, ಇಂಗ್ಲಿಷ್ ಗಟ್ಟಿಯಾಗುತ್ತದೆ, ಪೀರಿಯಡ್ಡಿಗೊಬ್ಬ ಮೇಷ್ಟ್ರು ಬರುತ್ತಾರೆ, ಮನೆಯಲ್ಲಿ ಓದಲು ಒಂದು ಮೂಲೆ ಮಾಡಿಕೊಡಿ ಎಂದೆಲ್ಲ ಹೇಳುವಾಗ ನನ್ನ ದನಿ ನನಗೇ ಇಂಪಾಗಿ ಕೇಳಿಸುತ್ತಿತ್ತು. ಜನ ತಲೆಯಾಡಿಸುತ್ತಿದ್ದರು. ತಲೆಯಾಡಿಸುವುದಕ್ಕೂ ಒಪ್ಪುವುದಕ್ಕೂ ನಡುವೆ ಎಷ್ಟು ದೂರವಿದೆಯೆಂದು ನನಗಾಗ ಗೊತ್ತಿರಲಿಲ್ಲ.

ಒಂದು ವರ್ಷ ಹೀಗೆಯೇ ನನ್ನ ಭಾಷಣ ಮುಗಿದಾಗ ಕಂಬಕ್ಕೊರಗಿ ಕೂತಿದ್ದ ನಂಜಮ್ಮಜ್ಜಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಕೇಳಿದಳು: "ಎಲ್ಲಾ ಸರಿ ಮೇಷ್ಟ್ರೇ, ನೀವು ಆ ಇಸ್ಕೂಲ್ನ ಒಳಕ್ಕೋಗಿ ನೋಡಿದೀರಾ?"

ನೋಡಿದ್ದೆ, ಬಸ್ಸಿನ ಕಿಟಕಿಯಿಂದ. ಹಾಗೆಂದು ಹೇಳಲು ನಾಚಿಕೆಯಾಗಿ, "ಒಳ್ಳೇ ಬಿಲ್ಡಿಂಗು ಅಜ್ಜಿ" ಎಂದೆ.

"ಬಿಲ್ಡಿಂಗಿಗೆ ಕೊಡ್ತೀವಾ ಹೆಣ್ಣ? ಮನೆ ನೋಡ್ದೆ ಹೆಂಗ್ ಕಳಿಸೋದು ಬುಡಿ" ಎಂದು ಅಜ್ಜಿ ಸೆರಗು ಕೊಡವಿಕೊಂಡು ಎದ್ದಳು.

ನಮ್ಮ ಕಡೆ ಮನೆ ನೋಡುವುದು ಎಂದರೆ ಏನೆಂದು ನಿಮಗೆ ಗೊತ್ತಿರಬಹುದು. ಗಂಡಿನವರು ಬಂದು ಹೆಣ್ಣು ನೋಡಿ ಒಪ್ಪಿ ಹೋದ ಮೇಲೆ, ಹೆಣ್ಣಿನ ಕಡೆಯ ಹಿರಿಯರು ಗಂಡಿನ ಮನೆಗೆ ಹೋಗುತ್ತಾರೆ. ಹೆಸರಿಗೆ ಮನೆ, ನೋಡುವುದು ಎಲ್ಲವನ್ನೂ. ನನ್ನ ಮದುವೆಯ ಮುಂಚೆ ಕುಣಿಗಲ್ ಕಡೆಯಿಂದ ನನ್ನ ಹೆಂಡತಿಯ ಸೋದರಮಾವ ಬಂದಿದ್ದರು. ನಮ್ಮಪ್ಪ ಮುಂದಿನ ಗೋಡೆಗೆ ಮಾತ್ರ ಸುಣ್ಣ ಬಳಿಸಿದ್ದರು. ಆ ಮಹಾನುಭಾವರು ಅದರ ಕಡೆ ಕಣ್ಣೆತ್ತಿಯೂ ನೋಡದೆ ನೆಟ್ಟಗೆ ಹಿತ್ತಿಲಿಗೆ ನಡೆದು, ಬಚ್ಚಲ ನೀರು ಎಲ್ಲಿಗೆ ಹರಿಯುತ್ತದೆ ಎಂದು ಕೇಳಿದರು. ನನ್ನ ಬಿ.ಎ. ಡಿಗ್ರಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಆ ಅವಮಾನ ಬಹಳ ದಿನ ನನ್ನ ಮನಸ್ಸಿನಲ್ಲಿತ್ತು.

ಹಿಂದಿನ ಗುರುಕುಲಗಳ ಕಥೆಗಳನ್ನು ನಾನೂ ಒಂದಷ್ಟು ಓದಿದ್ದೇನೆ. ಶಿಷ್ಯನ ಯೋಗ್ಯತೆಯನ್ನು ಗುರು ಹೇಗೆಲ್ಲ ಪರೀಕ್ಷಿಸಿದ ಎಂಬುದು ಅವುಗಳಲ್ಲಿ ಬೇಕಾದಷ್ಟಿದೆ. ಶಿಷ್ಯನ ಅಜ್ಜಿ ಬಂದು ಆಶ್ರಮವನ್ನು ಪರೀಕ್ಷಿಸಿದ ಕಥೆ ಒಂದೂ ಇಲ್ಲ. ಅದಕ್ಕೇ ನಂಜಮ್ಮಜ್ಜಿಯ ಮಾತು ನನಗೆ ತಮಾಷೆಯಾಗಿ ಕಂಡಿತು. ಆದರೆ ವಿಷಯ ತಮಾಷೆಯದಾಗಿರಲಿಲ್ಲ. ಅಜ್ಜಿಯ ಮೊಮ್ಮಗಳು ಮಂಜುಳ ಆ ವರ್ಷದ ಏಳನೇ ತರಗತಿ ಪರೀಕ್ಷೆಯಲ್ಲಿ ನಮ್ಮ ಶಾಲೆಗೇ ಮೊದಲನೆಯವಳು. ಅವಳಿಗಿಂತ ಎರಡು ವರ್ಷ ಮುಂಚೆ ಅವಳ ಅಕ್ಕ ರತ್ನ ಅದೇ ಹೈಸ್ಕೂಲಿಗೆ ಸೇರಿ, ಮೂರೇ ತಿಂಗಳಿಗೆ ಬಿಟ್ಟು ಬಂದು ಮನೆಯಲ್ಲಿ ಕೂತಿದ್ದಳು. ಯಾಕೆ ಬಿಟ್ಟೆ ಎಂದರೆ ಬಾಯಿ ಬಿಡುತ್ತಿರಲಿಲ್ಲ. ಓದಿನಲ್ಲಿ ಆಸಕ್ತಿ ಇಲ್ಲ ಎಂದು ನಾನೇ ತೀರ್ಪು ಕೊಟ್ಟಿದ್ದೆ. ಈಗ ಅಜ್ಜಿ ಬೇಡವೆಂದರೆ ಮಂಜುಳಳ ಓದೂ ಅಲ್ಲಿಗೆ ಮುಗಿಯಿತು. ಆ ಮನೆಯಲ್ಲಿ ಅಜ್ಜಿಯ ಮಾತೇ ಕೊನೆ.

ಮೇ ತಿಂಗಳ ಕೊನೆಗೆ ಅಡ್ಮಿಷನ್ ಶುರುವಾದ ದಿನವೇ ಅಜ್ಜಿ, ಮಂಜುಳಳ ತಾಯಿ, ಸೋದರಮಾವ ಹೊರಟು ನಿಂತರು. "ಮೂರು ಜನ ಹೋದ್ರೆ ಕೆಲ್ಸ ಆಗಲ್ಲ, ನೀವೂ ಬನ್ನಿ" ಎಂದು ಅಜ್ಜಿ ನನ್ನನ್ನು ಕರೆದಳು. ಪೋಷಕರ ಮಾನಸಿಕ ಸಿದ್ಧತೆಯಲ್ಲಿ ತರಬೇತಿ ಪಡೆದ ನಾನು ಹೀಗೆ ಸಂಖ್ಯೆ ಸರಿಮಾಡಲು ಬಸ್ ಹತ್ತಿದೆ.

ಹೈಸ್ಕೂಲಿನ ಹೆಡ್ಮಾಸ್ಟರು ಒಳ್ಳೆಯ ಮನುಷ್ಯ. ಬೀಗರಂತೆ ಬಂದ ನಮ್ಮನ್ನು ಬೀಗರಂತೆಯೇ ಕೂರಿಸಿ ಟೀ ತರಿಸಲು ಹೊರಟರು. ಅಜ್ಜಿ ಕೈ ಅಡ್ಡ ಹಿಡಿದಳು. "ಒಪ್ಪಿಗೆ ಆಗೋಗಂಟ ಇಲ್ಲಿ ಏನೂ ಮುಟ್ಟಂಗಿಲ್ಲ ಸ್ವಾಮಿ." ಅವರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಭಾರತದ ನಕ್ಷೆ ನೋಡಿದೆ.

ಅವರು ಲ್ಯಾಬೊರೇಟರಿ ತೋರಿಸಿದರು. ಎಸ್ಸೆಸ್ಸೆಲ್ಸಿಯಲ್ಲಿ ಪಾಸಾದವರ ಪಟ್ಟಿ ತೋರಿಸಿದರು. ಅಜ್ಜಿ ಎಲ್ಲವನ್ನೂ ಮರ್ಯಾದೆಯಿಂದ ನೋಡಿ, ಹಿತ್ತಿಲ ಕಡೆ ನಡೆದಳು. ಅಲ್ಲಿ ಕಾಂಪೌಂಡಿಗೆ ಅಂಟಿಕೊಂಡು ಸಣ್ಣದೊಂದು ಕಟ್ಟಡ, ಬಾಗಿಲ ಮೇಲೆ 'ಬಾಲಕಿಯರು' ಎಂದು ಬರೆದಿತ್ತು. ಬಾಗಿಲಿಗೆ ತುಕ್ಕು ಹಿಡಿದ ಬೀಗ.

"ಹೆಣ್ಮಕ್ಳು ಎಲ್ಲಿಗೋಗ್ತವೆ?" ಅಜ್ಜಿ ಕೇಳಿದಳು.

ಹೆಡ್ಮಾಸ್ಟರು ಕೆಮ್ಮಿದರು. ಒಳಗೆ ಮುರಿದ ಬೆಂಚುಗಳನ್ನು ಇಟ್ಟಿದ್ದಾರಂತೆ. ಕಟ್ಟಿಸಿದ ವರ್ಷವೇ ಇಟ್ಟಿದ್ದು, ಇಡಲು ಬೇರೆ ಜಾಗವಿಲ್ಲವಂತೆ. ಬೀಗದ ಕೈ ಎಲ್ಲಿದೆಯೋ ನೋಡಬೇಕಂತೆ.

"ನೋಡಿ" ಎಂದು ಅಜ್ಜಿ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ನಮ್ಗೇನ್ ಅವಸರ ಇಲ್ಲ."

ಬಿಸಿಲು ನೆತ್ತಿಗೇರಿತ್ತು. ಆಕೆ ಜಗಳವಾಡಲಿಲ್ಲ, ದನಿ ಏರಿಸಲಿಲ್ಲ, ಸುಮ್ಮನೆ ಕೂತಳು. ನೀರು ತಂದುಕೊಟ್ಟರೆ ಅದನ್ನೂ ಮುಟ್ಟಲಿಲ್ಲ. ಅಡ್ಮಿಷನ್ನಿಗೆ ಬಂದಿದ್ದ ಬೇರೆ ಊರಿನ ತಾಯಂದಿರು ಒಬ್ಬೊಬ್ಬರಾಗಿ ಬಂದು, ಏನು ಎಂದು ಕೇಳಿ, ಪಕ್ಕದಲ್ಲಿ ಕೂರತೊಡಗಿದರು. ಯಾರೂ ಕರೆದಿರಲಿಲ್ಲ. ಒಂದು ಗಂಟೆಯಲ್ಲಿ ಆ ಮೆಟ್ಟಿಲುಗಳ ಮೇಲೆ ಜಾಗವಿರಲಿಲ್ಲ. ವರ್ಷವರ್ಷವೂ ಕೈಬೀಸಿ ಭಾಷಣ ಮಾಡಿ ನಾನು ಸೇರಿಸಲಾಗದಷ್ಟು ಪೋಷಕರು ಅಲ್ಲಿ ಮಾತಿಲ್ಲದೆ ಸೇರಿದ್ದರು. ಈ ಅಜ್ಜಿ ಯಾರು, ಇಷ್ಟು ದಿನ ನಾನು ಇವಳಿಗೆ ಏನು ಹೇಳಿಕೊಡಲು ಹೋಗಿದ್ದೆ ಎನಿಸಿತು.

ಕೊನೆಗೆ ಹೆಡ್ಮಾಸ್ಟರ ಡ್ರಾಯರಿನಲ್ಲಿ, ಸೀಮೆಸುಣ್ಣದ ಡಬ್ಬಿಯ ತಳದಲ್ಲಿ ಬೀಗದ ಕೈ ಸಿಕ್ಕಿತು. ಸೀಮೆಎಣ್ಣೆ ಬಿಟ್ಟು ಬೀಗ ತೆಗೆದರು. ಸೋದರಮಾವನೂ ನಾನೂ ಬೆಂಚು ಹೊತ್ತು ಹಾಕಿದೆವು. ಹೆಡ್ಮಾಸ್ಟರು ಪಂಚೆ ಎತ್ತಿ ಕಟ್ಟಿ ಬೆಂಚಿನ ಒಂದು ಕಡೆ ಹಿಡಿದರು. ಆ ತಾಯಂದಿರು ಬಾವಿಯಿಂದ ನೀರು ಸೇದಿ ತಂದು ತೊಳೆದರು. ಅಜ್ಜಿ ಒಳಗೆ ಹೋಗಿ ಅಗಳಿ ಹಾಕಿ ನೋಡಿ, ತೆಗೆದು ನೋಡಿ, ಹೊರಗೆ ಬಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ, "ಏನಜ್ಜಿ, ಕಳಿಸ್ತೀರಾ?"

"ಮನೆ ನೋಡ್ದ ದಿನ್ವೇ ಹೇಳ್ತಾರೇನಪ್ಪ? ಮೂರು ದಿನ ಆಗ್ಲಿ" ಎಂದಳು.

ಆ ಮೂರು ದಿನ ನಾನು ಪಟ್ಟ ಪಾಡು ನನ್ನ ಮದುವೆಯ ಮಾತಿನಲ್ಲೂ ಪಟ್ಟಿರಲಿಲ್ಲ. ಮಂಜುಳ ಎರಡು ಸಲ ನೆಪ ಮಾಡಿಕೊಂಡು ನಮ್ಮ ಮನೆ ಮುಂದೆ ಸುಳಿದು, ಏನೂ ಕೇಳದೆ ಹೋದಳು. ನಾಲ್ಕನೆಯ ದಿನ ಬೆಳಿಗ್ಗೆ ಅಜ್ಜಿಯೇ ಬಂದಳು. "ಒಪ್ಪಿಗೆ ಐತೆ ಅಂತ ಹೇಳಿ ಅವ್ರಿಗೆ. ಆದ್ರೆ ಒಂದು ಮಾತು. ಆ ಬೀಗದ ಕೈ ಹೆಣ್ಮಕ್ಳ ಕೈಲೇ ಇರ್ಬೇಕು." ನಾನು ತಲೆಯಾಡಿಸಿದೆ. ಆಕೆ ಹೊರಟವಳು ತಿರುಗಿ, "ನಂಗೆ ನಮ್ಮತ್ತೆ ಕೈಯಿಂದ ಬೀಗದ ಕೈ ಬರಕ್ಕೆ ಇಪ್ಪತ್ತು ವರ್ಷ ಆಯ್ತು ಮೇಷ್ಟ್ರೇ" ಎಂದು ನಕ್ಕಳು.

ಹೆಡ್ಮಾಸ್ಟರು ಮರುಮಾತಿಲ್ಲದೆ ಒಪ್ಪಿದರು. ಜುಲೈ ಕೊನೆಗೆ ಏನೋ ದಾಖಲೆಯ ಕೆಲಸಕ್ಕೆ ಅಲ್ಲಿಗೆ ಹೋದಾಗ ಮಂಜುಳ ಓಡಿ ಬಂದಳು. ಬೀಜಗಣಿತ ಹೇಗಿದೆ, ಇಂಗ್ಲಿಷ್ ಹೇಗಿದೆ ಎಂದು ನಾನು ನನ್ನ ಹಳೇ ಚಾಳಿಯಲ್ಲಿ ಕೇಳಿದೆ.

"ಕಷ್ಟ ಐತೆ ಸಾ" ಎಂದಳು. ಆಮೇಲೆ ದನಿ ತಗ್ಗಿಸಿ, "ಆದ್ರೆ ಈಗ ಎಲ್ರೂ ನೀರು ಕುಡೀತೀವಿ ಸಾ" ಎಂದಳು.

ನನಗೆ ಅರ್ಥವಾಗಲಿಲ್ಲ.

"ಮೊದ್ಲು ಇಲ್ಲಿ ಅಕ್ಕಂದಿರು ಬೆಳಿಗ್ಗೆ ಮನೆ ಬಿಟ್ರೆ ಸಂಜೆ ಮನೆಗೋಗೋಗಂಟ ಒಂದು ಗುಟುಕು ನೀರು ಕುಡೀತಿರ್ಲಿಲ್ವಂತೆ ಸಾ. ಕುಡಿದ್ರೆ ಎಲ್ಲಿಗೋಗೋದು? ನಮ್ಮ ರತ್ನಕ್ಕನೂ ಹಂಗೇ ಇದ್ಲಂತೆ. ಮೊನ್ನೆ ಹೇಳಿದ್ಲು."

ಗಂಟೆ ಹೊಡೆಯಿತು. ಅವಳು ಹೋಗಿ ನಲ್ಲಿಗೆ ಬಾಯಿ ಕೊಟ್ಟು, ಗಟಗಟನೆ ಕುಡಿದು, ಲಂಗದ ತುದಿಯಿಂದ ಬಾಯೊರೆಸಿಕೊಂಡು ಕ್ಲಾಸಿಗೆ ಓಡಿದಳು. ಹುಡುಗಿಯೊಬ್ಬಳು ನೀರು ಕುಡಿಯುವುದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲವೇನೋ ಎಂಬಂತೆ ನಿಂತು ನೋಡಿದೆ. ಊರಿಗೆ ಬಂದವನು ಮನೆಗೆ ಹೋಗದೆ ನೆಟ್ಟಗೆ ರತ್ನಳ ಮನೆಗೆ ಹೋದೆ. ಆಸಕ್ತಿ ಇಲ್ಲವೆಂದು ನಾನೇ ಕೈಬಿಟ್ಟಿದ್ದ ಆ ಹುಡುಗಿಯ ಹತ್ತಿರ, ಮತ್ತೆ ಸೇರ್ತೀಯೇನಮ್ಮಾ ಎಂದು ಕೇಳಬೇಕಿತ್ತು. ಹಜಾರದಲ್ಲಿ ಕೂತಿದ್ದ ಅಜ್ಜಿ ನನ್ನನ್ನು ನೋಡಿದವಳೇ ಒಳಗೆ ಕೂಗಿದಳು: "ರತ್ನಾ, ಮೇಷ್ಟ್ರು ಬಂದವ್ರೆ, ಪುಸ್ತಕ ಎತ್ಕೊಂಡು ಬಾ."