ನಿಲ್ಲಿಸಿ ತೆಗೆದ ಅಳತೆ

೧೯೮೬ರಲ್ಲಿ, ಎಂಟನೇ ತರಗತಿಯ ಅರ್ಧದಲ್ಲಿ, ನಾನು ಓದು ನಿಲ್ಲಿಸಿದೆ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ತಲೆ ತಗ್ಗಿಸಬೇಕಾದದ್ದು ಬೇರೆ ಇದೆ — ತಾಳ್ಯದ ಬೀರಣ್ಣನ ಬಲಮಂಡಿ ಮಡಚದಂತಾದದ್ದು ನನ್ನ ಕೆಟ್ಟ ಅಳತೆಯಿಂದ. ಅವನು ಮಂಡಿ ಪ್ಯಾಡಿನ ಪಟ್ಟಿ ಸಡಿಲವಾಗಿ ಕಟ್ಟಿಕೊಂಡದ್ದರಿಂದ ಹಾಗಾಯಿತು ಎಂದು ಇಷ್ಟು ವರ್ಷ ಎಲ್ಲರೂ ನಂಬಿದ್ದರು. ನಂಬಿಸಿದವನು ನಾನು.

ನನ್ನ ಕಸುಬನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಪ್ಪು ಎಲ್ಲಿ ಆಯಿತೆಂದು ತಿಳಿಯುವುದಿಲ್ಲ. ಶಾಲೆ ಬಿಟ್ಟ ಮೇಲೆ ಹೊಸದುರ್ಗದಲ್ಲಿ ಸೋದರಮಾವನ ಅಂಗಡಿಯಲ್ಲಿ ಪ್ಯಾಂಟು ಹೊಲಿಯುವುದನ್ನು ಕಲಿತೆ. ಆಮೇಲೆ ಹಿರಿಯೂರಿನಲ್ಲಿ ಲಾರಿ ಸೀಟು ಹೊಲಿಯುವವರ ಹತ್ತಿರ ರೆಕ್ಸಿನ್ನು, ತಾಡಪಾಲು, ದಪ್ಪ ಸೂಜಿ ಎಲ್ಲ ಕೈಗೆ ಬಂತು. ಎರಡೂ ಕಲಿತವನು ಚಿತ್ರದುರ್ಗದಲ್ಲಿ ಆಗ ನಾನೊಬ್ಬನೇ ಇದ್ದೆ ಅನ್ನಿಸುತ್ತದೆ. ಹೊಳಲ್ಕೆರೆ ರಸ್ತೆಯಲ್ಲಿ ಸ್ವಂತ ಅಂಗಡಿ ಹಾಕಿದೆ. ಬೈಕಿನ ಸೀಟು ಹೊಲಿಸಲು ಬಂದವರಲ್ಲಿ ಯಾರ ಮಂಡಿ ನೋಡಿದರೂ ಒಂದು ಗಾಯದ ಗುರುತು ಇರುತ್ತಿತ್ತು — ರಸ್ತೆಗೆ ಜಲ್ಲಿ ಸುರಿದು ತಿಂಗಳುಗಟ್ಟಲೆ ಹಾಗೇ ಬಿಡುತ್ತಿದ್ದ ಕಾಲ. ಮಂಡಿಯ ಜಾಗಕ್ಕೆ ಗಟ್ಟಿ ಪ್ಯಾಡು ಕೂಡಿಸಿ ಪ್ಯಾಂಟು ಹೊಲಿದು ಕೊಡೋಣ ಎಂದು ನನಗೇ ಹೊಳೆಯಿತು. ಅಂಥ ಪ್ಯಾಂಟು ನಮ್ಮ ಕಡೆ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ನನಗೆ ಜಂಬ ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಬಂದ ಗಿರಾಕಿಗಳೆಲ್ಲ ಬಣ್ಣ ನೋಡಿ ಆರಿಸುತ್ತಿದ್ದರು. ಕಪ್ಪು ರೆಕ್ಸಿನ್ನು ಎಂದರೆ ಬಹಳ ಜನಕ್ಕೆ ಪ್ರೀತಿ. ೧೯೯೭ರಲ್ಲಿ ಬೀರಣ್ಣ ಬಂದಾಗ ಮಾತ್ರ —

ಅವನು ಕುರಿ ಸಾಕುವ ಮನೆಯವನು. ಕುರಿಗಳ ತುಪ್ಪಟ, ಅಂದರೆ ಉಣ್ಣೆ, ಕತ್ತರಿಸುವ ತಂಡಕ್ಕೆ ಮುಂದಾಳು. ಹತ್ತು ಜನ ಕತ್ತರಿಯವರು ಹಿಂದೆ ಬರುತ್ತಿದ್ದರು. ಇವನು ಹಳೇ ಬೈಕಿನಲ್ಲಿ ಮುಂದೆ ಹೋಗಿ ಚಿಕ್ಕಜಾಜೂರಿನ ಕಡೆ, ಹೊಸದುರ್ಗದ ಕಡೆ, ಯಾವ ದೊಡ್ಡಿ-ರೊಪ್ಪದಲ್ಲಿ ಎಷ್ಟು ಕುರಿ, ಯಾವತ್ತು ಮೈ ತೊಳೆಸಿದ್ದಾರೆ, ತುಪ್ಪಟ ಒಣಗಿದೆಯೋ ಇಲ್ಲವೋ ನೋಡಿ ದಿನ ಗೊತ್ತು ಮಾಡಿ ಬರುತ್ತಿದ್ದ. ತಾನೂ ಕತ್ತರಿ ಹಿಡಿಯುತ್ತಿದ್ದ. ಕುಕ್ಕರಗಾಲಲ್ಲಿ ಕೂತು, ಕುರಿಯನ್ನು ಮಂಡಿಯ ಒತ್ತಿನಲ್ಲಿಯೇ ಅಲುಗಾಡದಂತೆ ಇಟ್ಟುಕೊಂಡು, ಚರ್ಮಕ್ಕೆ ಒಂದು ಗೀರೂ ಬೀಳದ ಹಾಗೆ ತುಪ್ಪಟವನ್ನು ಒಂದೇ ಹಾಸಾಗಿ ಬಿಡಿಸಿ ಎತ್ತುತ್ತಿದ್ದ. ಅಂಥ ಕೈ ಇದ್ದವನು ತನ್ನ ಮಂಡಿ ಕಾಯ್ದುಕೊಳ್ಳಲು ಬಂದಿದ್ದ. ಬಿದ್ದು ಗೊತ್ತಿದ್ದವನಲ್ಲ. ಬೀಳುವ ಮುಂಚೆಯೇ ಬಂದವನು ನನ್ನ ಗಿರಾಕಿಗಳಲ್ಲಿ ಅವನೊಬ್ಬನೇ.

ಅಂಗಡಿಯಲ್ಲಿದ್ದ ಎಲ್ಲ ಬಗೆಯ ಬಟ್ಟೆಯದೂ ಒಂದೊಂದು ತುಂಡು ಈಸಿಕೊಂಡ. ಜೀನ್ಸು, ರೆಕ್ಸಿನ್ನು, ಚರ್ಮ, ಲಾರಿಯ ತಾಡಪಾಲು. ಒಂದೊಂದನ್ನೂ ಇಟ್ಟಿಗೆಗೆ ಸುತ್ತಿ, ಹಗ್ಗ ಕಟ್ಟಿ, ನನ್ನ ಅಂಗಡಿಯ ಮುಂದಿನ ಟಾರು ರಸ್ತೆಯಲ್ಲಿ ದರದರ ಎಳೆದುಕೊಂಡು ಓಡಿದ. ಪಕ್ಕದ ಪಂಕ್ಚರ್ ಅಂಗಡಿಯವನು, ಯಾರೋ ಇಟ್ಟಿಗೆಗೆ ಪ್ಯಾಂಟು ಹೊಲಿಸ್ತಾ ಅವ್ನೆ ಎಂದು ನಕ್ಕ. ಬೀರಣ್ಣ ತಲೆ ಕೆಡಿಸಿಕೊಳ್ಳಲಿಲ್ಲ. ಜೀನ್ಸು ಸ್ವಲ್ಪ ದೂರಕ್ಕೇ ತೂತಾಯಿತು. ರೆಕ್ಸಿನ್ನು ಸಿಪ್ಪೆಯ ಹಾಗೆ ಎದ್ದಿತು. ಚರ್ಮ ಎಲ್ಲಕ್ಕಿಂತ ಚೆನ್ನಾಗಿ ತಡೆಯಿತು, ಆದರೆ ನಮ್ಮ ಬಿಸಿಲಿಗೆ ಕಾಲು ಬೇಯುತ್ತದೆ, ಮಳೆಗೆ ನೆಂದು ಒಣಗಿದರೆ ಮರದ ಹಾಗಾಗುತ್ತದೆ ಎಂದು ಬೇಡವೆಂದ. ತಾಡಪಾಲನ್ನೇ ಆರಿಸಿ, ಮಂಡಿಗೆ ಮತ್ತು ತೊಡೆಯ ಹೊರಪಕ್ಕಕ್ಕೆ ಎರಡು ಪದರ ಹಾಕಲು ಹೇಳಿದ. ಪ್ಯಾಡಿಗೆ ನಾನು ಸೀಟಿನ ಫೋಮು ತೋರಿಸಿದೆ. ಹೆಬ್ಬೆರಳಿನಿಂದ ಒತ್ತಿದ, ಬೆರಳು ಆಚೆ ಮುಟ್ಟಿತು.

"ಇದು ಕುಂಡಿಗೆ ಸರಿ ನಾಗರಾಜ, ಮಂಡಿಗಲ್ಲ."

ಮಾರನೇ ದಿನ ಮನೆಯಿಂದ ಹಳೇ ಕಂಬಳಿ ತಂದ. ಅದನ್ನು ಪದರಪದರವಾಗಿ ಕೂಡಿಸಿ ಹೊಲಿದು, ಮೇಲೆ ದಪ್ಪ ನೀರಿನ ಪೈಪನ್ನು ಸೀಳಿ, ಬೆಂಕಿಗೆ ಹಿಡಿದು, ಬಟ್ಟಲಿನ ಹಾಗೆ ಬಗ್ಗಿಸಿ ಕೂಡಿಸಿದೆವು. ಪೈಪು ಕಲ್ಲಿನ ಪೆಟ್ಟನ್ನು ಹರಡುತ್ತದೆ, ಕಂಬಳಿ ಅದನ್ನು ನುಂಗುತ್ತದೆ. ಇವತ್ತಿಗೂ ನಾನು ಕೊಡುವ ಪ್ಯಾಡಿನ ಲೆಕ್ಕಾಚಾರ ಅದೇ. ನನ್ನದು ಎಂದು ಹೇಳಿಕೊಂಡು ತಿರುಗಿದ್ದೇನೆ — ಅದು ಅವನದು.

ಅಷ್ಟೆಲ್ಲ ಅವನಿಗೆ ಬಿಟ್ಟುಕೊಟ್ಟ ಮೇಲೆ, ಅಳತೆಯಾದರೂ ನನ್ನದಾಗಿರಲಿ ಎಂಬ ಹಟ ನನ್ನೊಳಗೆ ಇತ್ತೇನೋ. ಗಿರಾಕಿಯನ್ನು ನೆಟ್ಟಗೆ ನಿಲ್ಲಿಸದೆ ಟೇಪು ಮುಟ್ಟಬಾರದು ಎಂದು ಸೋದರಮಾವ ಕಲಿಸಿದ್ದ. ಮದುವೆಯ ಪ್ಯಾಂಟಾಗಲಿ ಶಾಲೆಯ ಚಡ್ಡಿಯಾಗಲಿ ಹಾಗೇ. ಬೀರಣ್ಣನನ್ನೂ ನಿಲ್ಲಿಸಿದೆ, ಮಂಡಿಚಿಪ್ಪಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ, ಸರಿಯಾಗಿ ಅಲ್ಲಿಗೇ ಪ್ಯಾಡು ಕೂಡಿಸಿದೆ, ಅದು ಸರಿಯದಂತೆ ಮಂಡಿಯ ಹಿಂದೆ ಗಂಟು ಹಾಕಿಕೊಳ್ಳಲು ಒಂದು ಪಟ್ಟಿ ಹೊಲಿದೆ. ಹಾಕಿಕೊಂಡು ನಿಂತ, ಚಂದ ಕಂಡಿತು. ಹೊರಗೆ ಹೋಗಿ ಬೈಕಿನ ಮೇಲೆ ಕೂತವನು ಹಾಗೇ ಬಗ್ಗಿ ಕಾಲು ನೋಡಿಕೊಂಡ.

"ಕುಂತ್ರೆ ಮ್ಯಾಲಕ್ಕೆ ಹೋಗ್ತೈತಲ್ಲೋ," ಎಂದ.

ಹೊಸ ತಾಡಪಾಲು, ಬಿರುಸು ಇರುತ್ತದೆ ಎಂದೆ. "ಪಟ್ಟಿ ಬಿಗಿಯಾಗಿ ಕಟ್ಟಣ್ಣ, ತಾನೇ ಕುಂತ್ಕಂತೈತೆ."

ಆಗಲೇ ಅವನನ್ನು ಬೈಕಿನ ಮೇಲೆಯೇ ಕೂರಿಸಿ, ಪ್ಯಾಡು ಬಿಚ್ಚಿ, ನಾಲ್ಕು ಬೆರಳು ಕೆಳಗೆ ಕೂಡಿಸಬೇಕಿತ್ತು. ಅರ್ಧ ಗಂಟೆಯ ಕೆಲಸ. ಮಾಡಲಿಲ್ಲ. ಬಟ್ಟೆಯನ್ನೆಲ್ಲ ಎಳೆದು ಓಡಿ ನೋಡಿದ ಮನುಷ್ಯ ನನ್ನ ಮಾತನ್ನು ಮಾತ್ರ ಎಳೆದು ನೋಡದೆ ನಂಬಿ ಹೋದ.

ಮುಂದಿನ ಹಂಗಾಮಿನಲ್ಲಿ, ಹೊಳಲ್ಕೆರೆಯಿಂದ ಚಿಕ್ಕಜಾಜೂರಿಗೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ, ಜಲ್ಲಿಯ ಮೇಲೆ ಬೈಕು ಜಾರಿತು. ಅವನು ಜೋರಾಗಿ ಓಡಿಸುವವನಲ್ಲ. ಬಲಗಡೆಗೆ ಬಿದ್ದ, ಅಷ್ಟೇ. ಮಂಡಿಚಿಪ್ಪು ಒಡೆಯಿತು. ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಸುದ್ದಿ ತಿಳಿದು ನಾನು ತಾಳ್ಯಕ್ಕೆ ಹೋದಾಗ ಅವನ ಮನೆಯಂಗಳದಲ್ಲಿ ತಂಡದವರೆಲ್ಲ ಸೇರಿದ್ದರು. ಬರ್ರಿ, ಕುಂತ್ಕಳ್ರಿ ಎಂದು ಕಂಬಳಿ ಹಾಸಿದರು. ಬೀರಣ್ಣ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದ. ಅವನ ತಮ್ಮ ಸಿದ್ದಪ್ಪ ಒಳಗಿನಿಂದ ಆ ಪ್ಯಾಂಟನ್ನು ತಂದು ನನ್ನ ಮುಂದೆ ಹರಡಿದ. ಇಷ್ಟು ಗಟ್ಟಿ ಮಾಡಿಕೊಟ್ಟರೂ ಹೇಗೆ ಒಡೆಯಿತು ನೋಡಿ ಹೇಳು ಎಂದ.

ಕಸುಬಿನವನಿಗೆ ನೋಡಲು ಬಹಳ ಹೊತ್ತು ಬೇಡ. ಪೈಪಿನ ಬಟ್ಟಲಿನ ಮೇಲೆ ಒಂದು ಗೀರೂ ಇರಲಿಲ್ಲ. ಅದರಿಂದ ನಾಲ್ಕು ಬೆರಳು ಕೆಳಗೆ ತಾಡಪಾಲು ಸವೆದು ತೂತಾಗಿತ್ತು. ಅಂದರೆ ಅವನು ಕೂತಾಗ ಪ್ಯಾಡು ತೊಡೆಗೆ ಏರಿತ್ತು, ಮಂಡಿ ಬರಿದಾಗಿತ್ತು. ಇನ್ನು ಪಟ್ಟಿ — ಆಸ್ಪತ್ರೆಯಲ್ಲಿ ಗಂಟು ಬಿಚ್ಚಲಾಗದೆ ಕತ್ತರಿಸಿದ್ದರು. ಗಂಟು ಹಾಗೇ ಇತ್ತು. ಕಲ್ಲಿನ ಹಾಗೆ ಬಿಗಿ.

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅಂಗಡಿ ಹಾಕಿ ಮೂರು ವರ್ಷ, ಈಗ ತಾನೇ ಹೆಸರು ಬರುತ್ತಿತ್ತು, ಓದದವನು ಎಂದು ಯಾರೂ ಹಂಗಿಸದ ಹಾಗೆ ಆಗಿದ್ದೆ... ಇದನ್ನು ಕಾರಣವೆಂದು ಹೇಳುತ್ತಿಲ್ಲ. ಆಗ ತಲೆಗೆ ಬಂದದ್ದು ಇದು, ಅಷ್ಟೇ. ಗಂಟನ್ನು ಅಂಗೈಯಲ್ಲಿ ಮುಚ್ಚಿಕೊಂಡೆ.

"ಪಟ್ಟಿ ಬಿಗಿ ಕಟ್ಟಿಲ್ಲ," ಎಂದೆ.

ಬೀರಣ್ಣ ಮಲಗಿದಲ್ಲಿಂದಲೇ, ಕಟ್ಟಿದ್ದೆ ಕಣೋ ಎಂದ. ಸಣ್ಣ ದನಿಯಲ್ಲಿ. ನಾನು ಅವನ ಕಡೆ ನೋಡಲಿಲ್ಲ. ಸಿದ್ದಪ್ಪ ನಿಟ್ಟುಸಿರು ಬಿಟ್ಟ. ತನ್ನ ಕಾಲಿನ ಪಟ್ಟಿ ಕಟ್ಟಿಕೊಳ್ಳದವನು ಹತ್ತು ಜನರ ಕತ್ತರಿಯನ್ನು ಏನು ನೋಡಿಕೊಂಡಾನು ಎಂದು ಒಬ್ಬ ಅಂದ. ಇನ್ನೊಬ್ಬ ಹೂಂಗುಟ್ಟಿದ. ಆ ಅಂಗಳದಲ್ಲಿಯೇ, ಚಹಾ ಕುಡಿಯುವಷ್ಟರಲ್ಲಿ, ಮುಂದಾಳಿಕೆ ಅಣ್ಣನಿಂದ ತಮ್ಮನಿಗೆ ಹೋಯಿತು. ನಾನು ಒಂದು ನಿಜ ಮಾತು ಹೇಳಿದ್ದರೆ ಹೋಗುತ್ತಿರಲಿಲ್ಲ. ಕಾಲು ನೆಟ್ಟಗಾಗುವವರೆಗೆ ಕಾಯುತ್ತೇವೆ ಎಂದು ಅವರೇ ಮೊದಲು ಮಾತಾಡಿಕೊಂಡಿದ್ದರಂತೆ. ಪ್ಯಾಂಟನ್ನು ರಿಪೇರಿಗೆಂದು ಅಂಗಡಿಗೆ ತಂದು, ಆ ಗಂಟನ್ನು ಬೆಂಕಿಗೆ ಹಾಕಿದೆ.

ಅಂದಿನಿಂದ ನಾನು ಯಾರನ್ನೂ ನಿಲ್ಲಿಸಿ ಅಳತೆ ತೆಗೆದಿಲ್ಲ. ಗುಜರಿಯಿಂದ ಒಂದು ಬೈಕು ತಂದು ಅಂಗಡಿಯೊಳಗೆ ನಿಲ್ಲಿಸಿದೆ. ಗಿರಾಕಿಯನ್ನು ಅದರ ಮೇಲೆ ಕೂರಿಸಿ, ಕಾಲು ಮಡಚಿಸಿ, ಆಮೇಲೆ ಟೇಪು. ಕೂರಿಸಿ ಅಳೆಯುವ ನಾಗರಾಜ ಎಂದು ಹೆಸರಾಯಿತು, ಹೊಸದುರ್ಗದಿಂದಲೂ ಹಿರಿಯೂರಿನಿಂದಲೂ ಜನ ಬಂದರು. ಏನು ತಲೆ ಇವನದು ಎಂದು ಹೊಗಳಿದರು. ಹೊಗಳಿಕೆ ತೆಗೆದುಕೊಂಡೆ.

ಬೀರಣ್ಣ ಏನು ಮಾಡಿದ ಎಂದು ಕೇಳಿ. ಮಂಡಿ ಮಡಚುವುದಿಲ್ಲ, ಕುಕ್ಕರಗಾಲು ಹಾಕಲಾಗುವುದಿಲ್ಲ, ಕತ್ತರಿ ಹೋಯಿತು. ಹೊಳಲ್ಕೆರೆಯ ವೆಲ್ಡಿಂಗಿನವನ ಹತ್ತಿರ ಬೈಕು ಒಯ್ದು, ಬಲಗಾಲಿನ ಫುಟ್‌ರೆಸ್ಟನ್ನೂ ಬ್ರೇಕನ್ನೂ ಮುಂದಕ್ಕೆ ತಳ್ಳಿಸಿ, ಚಾಚಿದ ಕಾಲಲ್ಲಿಯೇ ಬ್ರೇಕು ಒತ್ತುವ ಹಾಗೆ ಮಾಡಿಸಿಕೊಂಡ. ಕುರಿಗೆ ಔಷಧಿ ಕುಡಿಸುವುದನ್ನು ಕಲಿತು, ನಿಂತುಕೊಂಡೇ ಮಾಡುವ ಕೆಲಸವದು, ಊರೂರು ತಿರುಗಿದ. ಜೋಗಿಮಟ್ಟಿಯ ಕಡೆಯ ಏರಿನಲ್ಲಿ ಒಂದು ಕಾಲು ನೆಟ್ಟಗೆ ಮುಂದೆ ಚಾಚಿಕೊಂಡು ಅವನು ಬೈಕು ಹತ್ತಿಸುವುದನ್ನು ಕಂಡಿದ್ದೇನೆ. ರಾಜನ ಹಾಗೆ ಕೂತಿರುತ್ತಿದ್ದ. ಬಾಯಿಮಾತಿಗೆ ಹೇಳುತ್ತಿಲ್ಲ — ಎರಡು ಮಂಡಿ ಇರುವ ನನಗೆ ಹಾಗೆ ಕೂರಲು ಬರುವುದಿಲ್ಲ. ಮತ್ತೆ, ಹೋದಲ್ಲೆಲ್ಲ ಬೈಕಿನವರಿಗೆ ನನ್ನ ಅಂಗಡಿಯನ್ನೇ ಹೇಳಿ ಕಳಿಸುತ್ತಿದ್ದ. ನನ್ನ ಗಿರಾಕಿಗಳಲ್ಲಿ ತಾಳ್ಯದ ಕಡೆಯವರೇ ಹೆಚ್ಚು.

ಎರಡು ವರ್ಷದ ಹಿಂದೆ, ೨೦೦೭ರಲ್ಲಿ, ತನ್ನ ಅಳಿಯನನ್ನು ಕರೆದುಕೊಂಡು ಅವನೇ ಬಂದ. ಅಷ್ಟು ಹೊತ್ತಿಗೆ ದೊಡ್ಡ ಊರುಗಳಲ್ಲಿ ಕಂಪನಿಯ ಮಂಡಿ ಪ್ಯಾಡುಗಳು ಸಿಗುತ್ತಿದ್ದವು. ಅಳಿಯನಿಗೆ ಅದೇ ಬೇಕಿತ್ತಂತೆ. ಬೀರಣ್ಣ ಒಪ್ಪಿರಲಿಲ್ಲ, ನಾಗರಾಜನ ಕೈಯದ್ದೇ ಆಗಬೇಕು ಎಂದಿದ್ದ. ನಾನು ಅಳಿಯನನ್ನು ಬೈಕಿನ ಮೇಲೆ ಕೂರಿಸಿ ಟೇಪು ಹಿಡಿದೆ. ಬೀರಣ್ಣ ಗೋಡೆಗೆ ಒರಗಿ ನಿಂತು ಅವನಿಗೆ ಬುದ್ಧಿ ಹೇಳುತ್ತಿದ್ದ.

"ಪಟ್ಟಿ ಬಿಗಿ ಕಟ್ಟಾದನ್ನ ಮೊದ್ಲು ಕಲಿ. ನನ್ನಂಗೆ ಬೇವಾರ್ಸಿ ಕೆಲ್ಸ ಮಾಡ್ಬ್ಯಾಡ."

ಹೇಳಿ ನಕ್ಕ. ಅಳಿಯನೂ ನಕ್ಕ, ಮನೆಯಲ್ಲಿ ಎಷ್ಟೋ ಸಲ ಕೇಳಿದ ಮಾತಿರಬೇಕು. ನಾನು ಟೇಪು ಸುತ್ತಿಟ್ಟೆ. ನಾನು ಬೀರಣ್ಣನ ಮಂಡಿಯನ್ನಷ್ಟೇ ತೆಗೆದುಕೊಂಡಿದ್ದೇನೆ ಎಂದುಕೊಂಡಿದ್ದೆ. ಇಟ್ಟಿಗೆ ಎಳೆದು ಬಟ್ಟೆ ಆರಿಸಿದ ಮನುಷ್ಯ, ಅಷ್ಟು ಜೋಕೆಯ ಮನುಷ್ಯ, ತನ್ನನ್ನು ತಾನೇ ಬೇಜವಾಬ್ದಾರಿ ಎಂದು ನಂಬಿ ಬದುಕುತ್ತಿದ್ದ. ಅದನ್ನೂ ನಾನೇ ಹೊಲಿದು ತೊಡಿಸಿದ್ದೆ.

ಅಲ್ಲಿಯೇ, ಅಳಿಯನ ಮುಂದೆಯೇ, ಹೇಳಿದೆ. ತೂತು ಎಲ್ಲಿತ್ತು, ಬಟ್ಟಲು ಹೇಗಿತ್ತು, ಗಂಟು ಹೇಗಿತ್ತು, ಅದನ್ನು ಏನು ಮಾಡಿದೆ — ಎಲ್ಲ. ಬೀರಣ್ಣ ಬೈಯಲಿಲ್ಲ. ಗೋಡೆ ಬಿಟ್ಟು ನೆಟ್ಟಗೆ ನಿಂತ.

"ನನಗ್ಯಾಕೆ ಹೇಳ್ತಿ? ಎಲ್ಲಿ ಅಂದಿದ್ದೆಯೋ ಅಲ್ಲಿ ಬಂದು ಅನ್ನು."

ಹೋದೆ. ಅದೇ ಅಂಗಳ. ತಂಡದಲ್ಲಿ ಉಳಿದಿದ್ದವರು ನಾಲ್ಕೇ ಜನ, ಕಂಬಳಿಯ ಬೇಡಿಕೆ ಇಳಿದು ಉಳಿದವರು ಬೇರೆ ಕೆಲಸ ಹಿಡಿದಿದ್ದರು. ಮುಂದಾಳು ಬೇಕಾಗುವಂಥ ತಂಡವೇ ಇರಲಿಲ್ಲ. ಹಿಂದಕ್ಕೆ ಕೊಡಿಸುತ್ತೇನೆ ಎಂದು ಹೋದದ್ದು ಅಲ್ಲಿ ಇರಲೇ ಇಲ್ಲ. ಆದರೂ ನಿಂತು ಹೇಳಿದೆ. ಸಿದ್ದಪ್ಪ ನನ್ನನ್ನು ಬಿಟ್ಟು ಅಣ್ಣನ ಕಡೆ ತಿರುಗಿದ.

"ಕಟ್ಟಿದ್ದೆ ಅಂತ ನೀನ್ಯಾಕೆ ಜೋರಾಗಿ ಹೇಳ್ಲಿಲ್ಲಣ್ಣ?"

"ಹೇಳ್ದೆ. ನೀವು ಇವನ ಮಾತು ನಂಬಿದ್ರಿ." ಬೀರಣ್ಣ ಮಡಚದ ಮಂಡಿಯ ಮೇಲೆ ಕೈ ಇಟ್ಟ. "ಆಮ್ಯಾಕೆ ನಾನೂ ನಂಬ್ದೆ."

ಸಿದ್ದಪ್ಪ ಅಣ್ಣನ ಕಾಲ ಬಳಿ ಕೂತುಬಿಟ್ಟ. ನನಗೆ ಯಾರೂ ಕುಂತ್ಕಳ್ರಿ ಎನ್ನಲಿಲ್ಲ. ಅನ್ನಬೇಕಿರಲಿಲ್ಲ. ಅಳಿಯನ ಪ್ಯಾಂಟು ಹೊಲಿದು ಕಳಿಸಿದೆ. ಯಾರೋ ಬಂದು ತೆಗೆದುಕೊಂಡು ಹೋದರು. ಬೀರಣ್ಣ ಮತ್ತೆ ಅಂಗಡಿಗೆ ಬಂದಿಲ್ಲ. ಬಾ ಎಂದು ಕರೆಯಲು ನನಗೆ ಮುಖವಿಲ್ಲ. ಹೊಸ ಗಿರಾಕಿಗಳು ಬಂದು ಕಂಬಳಿಯ ಪ್ಯಾಡನ್ನು ಹೊಗಳಿದರೆ, ಇದು ತಾಳ್ಯದ ಬೀರಣ್ಣ ಹೇಳಿಕೊಟ್ಟದ್ದು ಎನ್ನುತ್ತೇನೆ. ಕೂರಿಸಿ ಅಳೆಯುವುದನ್ನು ಎಲ್ಲಿ ಕಲಿತೆ ಎಂದು ಕೇಳಿದರೆ, ಅದನ್ನೂ ಹೇಳುತ್ತೇನೆ, ಪೂರ್ತಿಯಾಗಿ. ಕೆಲವರು ಕೇಳಿ ಹೊಲಿಸಿಕೊಳ್ಳುತ್ತಾರೆ. ಕೆಲವರು ಬೈಕಿನಿಂದ ಇಳಿದು ಹೋಗುತ್ತಾರೆ.

ಈಗ ನನ್ನ ಬಳಿ ಇರುವುದು ಸ್ವಂತದ ಒಂದು ಅಂಗಡಿ, ಎರಡು ಹೊಲಿಗೆ ಮಷೀನು, ಓಡದ ಒಂದು ಬೈಕು. ತಾಳ್ಯದ ಕಡೆಯ ಗಿರಾಕಿ ಒಬ್ಬರೂ ಇಲ್ಲ.