ಎದೆಯಲ್ಲೊಂದು ಗಂಟು

ನನಗೆ ಕ್ಯಾಲೆಂಡರ್ ಕಂಡರೆ ಭಯ. ಹಾವಿಗೆ, ಜಿರಳೆಗೆ, ಅತ್ತೆಗೆ ಹೆದರುವವರನ್ನು ಲೋಕ ಅರ್ಥ ಮಾಡಿಕೊಳ್ಳುತ್ತದೆ. ಗೋಡೆಗೆ ನೇತುಹಾಕಿದ ಕಾಗದಕ್ಕೆ ಹೆದರುವವಳನ್ನು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. ಏಕಾದಶಿ, ಸಂಕಷ್ಟಿಗಳಿರುವ ಅಡುಗೆಮನೆಯ ಕ್ಯಾಲೆಂಡರ್ ಅಲ್ಲ, ಅದು ಸಾಧುಪ್ರಾಣಿ. ನಾನು ಹೇಳುತ್ತಿರುವುದು ನಮ್ಮ ಕಾಲೇಜಿನ ಕ್ಯಾಲೆಂಡರ್. ಮನುಷ್ಯರಿಗೆ ಬರಬಹುದಾದ ಕಾಯಿಲೆಗಳಿಗೆಲ್ಲ ಅದರಲ್ಲಿ ಒಂದೊಂದು ದಿನ ಗೊತ್ತು ಮಾಡಿಟ್ಟಿದ್ದಾರೆ.

ಭಾರತೀನಗರದ ಕಾಲೇಜೊಂದರಲ್ಲಿ ನಾನು ಕನ್ನಡ ಪಾಠ ಹೇಳುತ್ತೇನೆ. ರೋಗಗಳಿಗೂ ನನಗೂ ಗಂಟುಬಿದ್ದದ್ದು ಒಂದು ಸಭೆಯಲ್ಲಿ. ದಿನಾಚರಣೆಗಳ ಜವಾಬ್ದಾರಿ ಯಾರು ವಹಿಸಿಕೊಳ್ಳುತ್ತೀರಿ ಎಂದು ಪ್ರಾಂಶುಪಾಲರು ಕೇಳಿದಾಗ ವಿಜ್ಞಾನದವರೆಲ್ಲ ತಲೆ ತಗ್ಗಿಸಿದರು. ನಾನು ಕಿಟಕಿಯಾಚೆ ಕಬ್ಬು ತುಂಬಿದ ಟ್ರ್ಯಾಕ್ಟರ್ ನೋಡುತ್ತಿದ್ದೆ. ತಲೆ ಎತ್ತಿಕೊಂಡಿದ್ದವಳು ನಾನೊಬ್ಬಳೇ ಆದ್ದರಿಂದ ಹೊರೆ ನನ್ನ ತಲೆಗೇ ಬಂತು. "ನೀವು ಕನ್ನಡದವರು ಮೇಡಂ, ಮಾತು ಚೆನ್ನಾಗಿ ಬರುತ್ತೆ" ಎಂಬ ಸಮಾಧಾನ ಬೇರೆ.

ಈ 'ಆಚರಣೆ' ಎನ್ನುವ ಪದವನ್ನು ರೋಗದ ಹೆಸರಿಗೆ ಮೊದಲು ಅಂಟಿಸಿದವರು ಯಾರೋ ತಿಳಿಯದು. ಹಬ್ಬ ಆಚರಿಸುತ್ತೇವೆ, ವ್ರತ ಆಚರಿಸುತ್ತೇವೆ. ಕ್ಷಯವನ್ನು ಆಚರಿಸುವುದು ಹೇಗೆ? ಆದರೂ ಆಚರಿಸುತ್ತೇವೆ, ಹಾರ ತುರಾಯಿ ಸಮೇತ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬೆಳಗಾಗುತ್ತಲೇ "ವಿಶ್ವ ಕ್ಯಾನ್ಸರ್ ದಿನದ ಹಾರ್ದಿಕ ಶುಭಾಶಯಗಳು" ಎಂದು ಹೂಗುಚ್ಛದ ಚಿತ್ರ ಬರುತ್ತದೆ, ಕೆಳಗೆ ಎಲ್ಲರೂ ಕೈಮುಗಿಯುತ್ತಾರೆ. ಹೃದಯ ದಿನದಂದು ಕರಿದ ಪದಾರ್ಥಗಳ ಮೇಲೆ ಗುಡುಗಿದ ಅತಿಥಿಗೆ ನಾವು ಕೊಟ್ಟದ್ದು ಮದ್ದೂರು ವಡೆ; ಅವರು ಎರಡನೆಯದನ್ನೂ ಬೇಡವೆನ್ನಲಿಲ್ಲ. ಸಕ್ಕರೆ ಕಾಯಿಲೆಯ ದಿನ ಜಾಥಾ ಹೊರಟಾಗ ಊರಿನ ಸಕ್ಕರೆ ಕಾರ್ಖಾನೆಯ ಕಡೆಯಿಂದ ಕಾಕಂಬಿಯ ವಾಸನೆ ಬೀಸಿ, ಘೋಷಣೆ ಕೂಗುತ್ತಿದ್ದ ಹುಡುಗಿಯರು ಮೂಗು ಮುಚ್ಚಿಕೊಂಡರು.

ಇದೆಲ್ಲ ನಗುವ ಮಾತಾಯಿತು. ನಗು ಬಾರದ ಸಂಗತಿಯೊಂದಿದೆ. ನಾನು ಯಾವ ಕಾಯಿಲೆಯ ಬಗ್ಗೆ ಭಾಷಣ ತಯಾರಿಸುತ್ತೇನೋ ಆ ಕಾಯಿಲೆ ನನಗೆ ಬಂದುಬಿಡುತ್ತದೆ. ಮಳವಳ್ಳಿಯಲ್ಲಿ ಕ್ಷಯದ ಬಗ್ಗೆ ಮಾತಾಡಿ ಬಸ್ಸು ಹತ್ತಿದೆ. ಮದ್ದೂರಿನ ಮನೆ ಸೇರುವಷ್ಟರಲ್ಲಿ ಕೆಮ್ಮು ಶುರು. ಕಣ್ಣಿನ ದಿನ ಹತ್ತಿರವಾದಂತೆ ಕರಿಹಲಗೆಯ ಅಂಚು ಮಸುಕಾಗುತ್ತದೆ. ಮರೆವಿನ ಕಾಯಿಲೆಯ ದಿನಕ್ಕೆಂದು ಬರೆದ ಭಾಷಣವನ್ನು ಎಲ್ಲಿಟ್ಟೆನೆಂದು ಮರೆತು, ಸದ್ಯ ಮರೆತದ್ದಾದರೂ ನೆನಪಿದೆಯಲ್ಲ ಎಂದು ಸಮಾಧಾನಪಟ್ಟುಕೊಂಡಿದ್ದೇನೆ. ನನ್ನ ಯಜಮಾನರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. "ಈ ವಾರ ಏನು ನಿನಗೆ?" ಎಂದು, ಸಂತೆಯಿಂದ ಏನು ತರಲಿ ಎನ್ನುವ ಧಾಟಿಯಲ್ಲಿ ಕೇಳುತ್ತಾರೆ. ಕಾರ್ಯಕ್ರಮ ಮುಗಿದು ಬ್ಯಾನರ್ ಸುತ್ತಿಟ್ಟ ಮೇಲೆ ಕಾಯಿಲೆಯೂ ಹೋಗುತ್ತದೆ, ಮುಂದಿನ ದಿನಾಚರಣೆಯವರೆಗೆ.

ಹೀಗಿರುವಾಗ ಅಕ್ಟೋಬರ್ ಬಂತು, ಗುಲಾಬಿ ಬಣ್ಣದ ರಿಬ್ಬನ್ ಸಿಕ್ಕಿಸಿಕೊಂಡು. ಸ್ತನ ಕ್ಯಾನ್ಸರಿಗೆ ಒಂದು ದಿನ ಸಾಲದೆಂದು ಇಡೀ ತಿಂಗಳನ್ನೇ ಬಿಟ್ಟುಕೊಟ್ಟಿದ್ದಾರೆ. ಭಾಷಣದಲ್ಲಿ ಸ್ವಲ್ಪ ಅನುಭವದ ಮಾತೂ ಇರಲಿ ಎಂದು, ಕರಪತ್ರದಲ್ಲಿ ಹೇಳಿದ್ದ ರೀತಿಯಲ್ಲಿ ಸ್ನಾನದ ಮನೆಯಲ್ಲಿ ನನ್ನನ್ನು ನಾನೇ ಪರೀಕ್ಷಿಸಿಕೊಂಡೆ. ಎಡಗಡೆ, ಕಂಕುಳಿನ ಸಮೀಪ, ಹುಣಸೆ ಬೀಜದಂಥದು ಬೆರಳಿಗೆ ಸಿಕ್ಕಿತು. ಬೆರಳು ತೆಗೆದೆ. ಮತ್ತೆ ಇಟ್ಟೆ. ಅಲ್ಲೇ ಇತ್ತು. ಮೇಲೆ ಬಿಸಿನೀರು ಬೀಳುತ್ತಿದ್ದರೂ ಮೈ ತಣ್ಣಗಾಯಿತು. ಇದೂ ಎಂದಿನ ಹಾಗೆ ಭಾಷಣದ ಕಾಯಿಲೆಯೇ ಇರಬೇಕು, ಬ್ಯಾನರ್ ಇಳಿಸಿದ ಮೇಲೆ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಯಜಮಾನರು ಅವತ್ತೂ "ಈ ವಾರ ಏನು?" ಎಂದರು. "ಏನಿಲ್ಲ" ಎಂದೆ. ಅವರು ನಕ್ಕು ಪೇಪರ್ ತೆಗೆದುಕೊಂಡರು.

ಕಾರ್ಯಕ್ರಮ ನಮ್ಮ ಮದ್ದೂರು ಕಡೆಯ ಕೊಪ್ಪದಲ್ಲಿ, ಹಾಲಿನ ಡೇರಿಯ ಪಕ್ಕದ ಸಭಾಂಗಣದಲ್ಲಿ. ಫ್ಲೆಕ್ಸ್ ಅಂಗಡಿಯವನಿಗೆ ಸಂಕೋಚವಾಯಿತೋ, ಕಾಗುಣಿತ ಕೈಕೊಟ್ಟಿತೋ, ಬ್ಯಾನರಿನಲ್ಲಿ 'ಸ್ಥಾನ ಕ್ಯಾನ್ಸರ್ ಜಾಗೃತಿ ಮಾಸ' ಎಂದು ಬಂದಿತ್ತು. ದೀಪ ಬೆಳಗಿಸಲು ಬಂದ ಊರ ಗಂಡಸರು ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂತಿದ್ದರು. ಅವರಲ್ಲೊಬ್ಬರು ಬ್ಯಾನರ್ ಓದಿ, "ಯಾವ ಸ್ಥಾನವಂತ್ಲಾ? ಅಧ್ಯಕ್ಸ ಸ್ಥಾನವಾ?" ಎಂದು ಪಕ್ಕದವರನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. ಹೆಂಗಸರೆಲ್ಲ ಹಿಂದೆ, ಜಮಖಾನದ ಮೇಲೆ. ಅವರ ನಡುವೆ ನನ್ನ ಚಿಕ್ಕವ್ವ ಕೆಂಪಮ್ಮನೂ ಇದ್ದಳು. ಅವಳು ಅಮ್ಮನ ತಂಗಿ, ಕೊಪ್ಪಕ್ಕೇ ಕೊಟ್ಟಿರುವುದು. ಮಾತಾಡಬೇಕಿದ್ದ ಡಾಕ್ಟರಮ್ಮ ಹೆರಿಗೆ ಕೇಸು ಬಂತೆಂದು ಬರಲಿಲ್ಲ. ಮೈಕು ನನ್ನ ಕೈಗೆ ಬಂತು.

ಹಳೆಯ ಕಾವ್ಯ ಪಾಠ ಮಾಡುವಾಗ ಕುಚ, ಪಯೋಧರ ಎಂದು ನಾನು ತರಗತಿಯಲ್ಲಿ ಧಾರಾಳವಾಗಿ ಹೇಳುತ್ತೇನೆ. ಸಂಸ್ಕೃತದಲ್ಲಿ ಹೇಳಿದರೆ ಯಾರಿಗೂ ನಾಚಿಕೆಯಿಲ್ಲ, ಯಾಕೆಂದರೆ ಯಾರಿಗೂ ಅರ್ಥವಾಗುವುದಿಲ್ಲ. ಅರ್ಥವಾಗುವ ಪದವೊಂದಿದೆ, ಎರಡಕ್ಷರದ್ದು. ಅದು ನಾಲಿಗೆಯ ತುದಿಗೆ ಬಂತು. ಮುಂದಿನ ಸಾಲು ನೋಡಿದೆ. ಆ ಪದ ಆಡಿದರೆ ಸಭೆಯ ಕಣ್ಣೆಲ್ಲ ನನ್ನ ಎಡಗಡೆಗೇ ತಿರುಗುತ್ತದೆ ಎನ್ನಿಸಿತು. ಬಾಯಿಂದ ಹೊರಬಿದ್ದದ್ದು 'ಎದೆ'. "ತಾಯಂದಿರೇ, ಎದೆಯಲ್ಲಿ ಗಂಟಿದ್ದರೆ ಮುಚ್ಚಿಟ್ಟುಕೊಳ್ಳಬೇಡಿ. ಧೈರ್ಯವಾಗಿ ಹೇಳಿಕೊಳ್ಳಿ. ತಡ ಮಾಡಿದಷ್ಟೂ ಅದು ಬೆಳೆಯುತ್ತದೆ, ಕೊನೆಗೆ ನಿಮ್ಮನ್ನೇ ತಿನ್ನುತ್ತದೆ" ಎಂದೆ. ಹೆಂಗಸರು ತಲೆದೂಗಿದರು. ಒಬ್ಬಿಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಮಾತು ಇಷ್ಟೊಂದು ನಾಟಿದ್ದು ಕಂಡು ನನಗೇ ಆಶ್ಚರ್ಯವಾಯಿತು.

ಎದೆ ಎಂಬುದು ಕನ್ನಡದಲ್ಲಿ ಬಹಳ ದುಡಿದ ಪದ. ಧೈರ್ಯವಿದ್ದರೆ ಎದೆಗಾರಿಕೆ, ಹೋದರೆ ಎದೆಗುಂದುವುದು. ದುಃಖಕ್ಕೆ ಎದೆ ಒಡೆಯುತ್ತದೆ, ಭಯಕ್ಕೆ ಝಲ್ಲೆನ್ನುತ್ತದೆ, ಮಗ ಎದೆಯೆತ್ತರ ಬೆಳೆಯುತ್ತಾನೆ. ಗಂಡಸರು ಎದೆ ತಟ್ಟಿಕೊಳ್ಳುತ್ತಾರೆ, ಹೆಂಗಸರು ಎದೆ ಬಡಿದುಕೊಳ್ಳುತ್ತಾರೆ. ಇಷ್ಟೆಲ್ಲ ಹೊತ್ತಿರುವ ಪದದ ಮೇಲೆ ನಾನು ಇನ್ನೊಂದು ಹೊರೆ ಹೇರಿದ್ದೆ. ಅದು ಹೊರಲಿಲ್ಲ ಎಂದು ಗೊತ್ತಾದದ್ದು ಆಮೇಲೆ.

ಅಕ್ಟೋಬರ್ ಮುಗಿಯಿತು. ರಿಬ್ಬನ್ ಬಿಚ್ಚಿದೆವು, ಬ್ಯಾನರ್ ಇಳಿಯಿತು, ಗಂಟು ಹೋಗಲಿಲ್ಲ. ನನಗೆ ಸಾವಿನ ಭಯ ಹಿಡಿಯಿತು. ಇದನ್ನು ಅಲಂಕಾರವಿಲ್ಲದೆ ಹೇಳುತ್ತಿದ್ದೇನೆ. ಸಾರಿಗೆ ಉಪ್ಪು ಹಾಕುವಾಗ, ಈ ಮನೆಯ ಸಾರಿಗೆ ಇನ್ನೆಷ್ಟು ದಿನ ಉಪ್ಪು ಹಾಕುತ್ತೇನೋ ಎನ್ನಿಸಿ ಕೈ ನಿಲ್ಲುತ್ತಿತ್ತು. ತಪಾಸಣೆ ಮಾಡಿಸಿಕೊಳ್ಳಿ ಎಂದು ಊರೂರು ತಿರುಗಿ ಹೇಳಿದವಳು ಆಸ್ಪತ್ರೆಯ ಬೋರ್ಡು ಕಂಡರೆ ರಸ್ತೆ ದಾಟಿ ಆಚೆಬದಿಗೆ ಹೋಗುತ್ತಿದ್ದೆ. ತೋರಿಸದಿದ್ದರೆ ಅದು ಬರೀ ಗಂಟು, ತೋರಿಸಿದರೆ ಅದಕ್ಕೊಂದು ಹೆಸರು ಬರುತ್ತದೆ ಎಂಬುದು ನನ್ನ ತರ್ಕ. ಯಜಮಾನರಿಗೆ ಹೇಳೋಣವೆಂದರೆ, ಇಷ್ಟು ವರ್ಷ ಇಲ್ಲದ ಕಾಯಿಲೆಗಳನ್ನೆಲ್ಲ ಹೇಳಿ ಹೇಳಿ ಅವರ ಕಿವಿಯನ್ನು ನಾನೇ ಕೆಡಿಸಿದ್ದೆ.

ಆ ದಿನಗಳಲ್ಲೇ ಒಂದು ಭಾನುವಾರ ಚಿಕ್ಕವ್ವ ಮನೆಗೆ ಬಂದಳು, ಕೈಯಲ್ಲಿ ಬಾಡಿನ ಸಾರಿನ ಕ್ಯಾರಿಯರ್. ಸಾರು ಅವಳು ಮಾಡಿದ್ದಲ್ಲ, ಅವಳ ಓರಗಿತ್ತಿ ನಿಂಗಮ್ಮ ಮಾಡಿದ್ದು. ನಾನು ಬೆಚ್ಚಿದೆ. ಯಾವುದೋ ಬೀಗರ ಔತಣದಲ್ಲಿ ತನ್ನ ಎಲೆಗೆ ಬರೀ ಮೂಳೆ ಬಡಿಸಿದಳೆಂದು ಚಿಕ್ಕವ್ವ ನಿಂಗಮ್ಮನ ಜೊತೆ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

"ಎಲ್ಲಾ ನಿನ್ನಿಂದ್ಲೇ ಕಣವ್ವ" ಎಂದಳು ಚಿಕ್ಕವ್ವ. "ಎದೇಲಿ ಗಂಟು ಮಡಿಕಬ್ಯಾಡಿ, ಬೆಳೆದ್ಬುಟ್ಟು ನಿಮ್ಮನ್ನೇ ತಿಂತದೆ ಅಂದ್ಯಲ್ಲ ಅವತ್ತು, ಸರ್ಯಾಗಿ ನಾಟ್ತು ನಂಗೆ. ಮಾರ್ನೆ ದಿನ ಬೆಳಿಗ್ಗೆ ಎದ್ದೋಳೇ ನಿಂಗಿ ಬಾಗ್ಲಿಗೆ ಓದೆ. ಮೂಳೆ ಬಡುಸ್ದೆ ಅಂತ ಇಷ್ಟು ವರ್ಸ ಎದೇಲಿ ಗಂಟು ಮಡಿಕಂಡಿದ್ದೆ ಕಣೇ, ಇವತ್ತು ಬುಟ್ಬುಟ್ಟೆ ಅಂದೆ. ಅವ್ಳು ಗೊಳೋ ಅಂತ ಅತ್ಬುಟ್ಲು. ಏನಂದ್ಲು ಗೊತ್ತಾ? ಅದು ನಲ್ಲಿಮೂಳೆ ಕಣಕ್ಕ, ಬಾಡ್ಗಿಂತ ರುಚಿಯಾದ್ದು, ನಿಂಗೇ ಅಂತ ಆರ್ಸಿ ಮಡಗಿದ್ದೆ ಅಂದ್ಲು!"

ನಾನು ನಕ್ಕೆ. ಸ್ಥಾನ ಕ್ಯಾನ್ಸರಿನ ಸಭೆಯಲ್ಲಿ ಹೆಂಗಸರು ಕಣ್ಣೊರೆಸಿಕೊಂಡದ್ದು ಯಾಕೆಂದು ಆಗ ತಿಳಿಯಿತು. ಅವರು ಕೇಳಿಸಿಕೊಂಡದ್ದು ಮನಸ್ಸಿನ ದ್ವೇಷದ ಮೇಲಿನ ಪ್ರವಚನ. ನಗುತ್ತ ನಗುತ್ತ ಅಳು ಬಂತು, ನಿಲ್ಲಿಸಲಾಗಲಿಲ್ಲ.

ಚಿಕ್ಕವ್ವ ಕ್ಯಾರಿಯರ್ ಕೆಳಗಿಟ್ಟಳು. "ಯಾಕವ್ವ? ನಿನ್ ಎದೇಲೂ ಗಂಟೈತಾ?"

"ಐತೆ ಚಿಕ್ಕವ್ವ."

"ಯಾರ ಮ್ಯಾಲೆ?"

"ಯಾರ ಮೇಲೂ ಅಲ್ಲ. ಮೊಲೇಲಿ" ಎಂದೆ. ಎರಡಕ್ಷರ ಹೇಳಲು ಅಷ್ಟು ದಿನ ಬೇಕಾಯಿತು.

ಅವಳು ಬಂದು ನನ್ನ ಪಕ್ಕದಲ್ಲಿ ಕೂತಳು. ಆಮೇಲೆ ಕೇಳಿದಳು, "ಅವತ್ತು ನೀನು ಯೋಳಿದ್ದು ಇದಾ?"

"ಹೂಂ. ಮುಂದೆ ಗಂಡಸರು ಕೂತಿದ್ದರಲ್ಲ, ಹೇಳಕ್ಕಾಗಲಿಲ್ಲ."

"ಅವ್ರೇನು ಮೊಲೆ ಉಣ್ದೆ ಬೆಳೆದ್ರಾ? ಬಾಯ್ಬುಟ್ಟು ಯೋಳಬಾರ್ದಾ ಮಗ, ಅಷ್ಟು ಜನ ಎಣ್ಮಕ್ಳು ಕೂತಿದ್ವಿ. ಏಳು, ನಾಳಿಕ್ಕೆ ಮಂಡ್ಯಕ್ಕೋಗವ."

ಮಂಡ್ಯದ ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿ ಏನು ತೊಂದರೆ ಎಂದು ಕೇಳಿದರು. ಹಿಂದೆ ಉದ್ದದ ಸಾಲು. ನನ್ನ ಹಾಳು ಬಾಯಿ ಮತ್ತೆ 'ಎದೆ' ಎಂದಿತು. ಸರಿಯಾಗಿಯೇ ಹೃದಯದ ಡಾಕ್ಟರ ಬಳಿಗೆ ಕಳಿಸಿದರು, ವೈರುಗಳನ್ನು ಅಂಟಿಸಿ ನೋಡಿದರು. ಹೃದಯ ಚೆನ್ನಾಗಿದೆ, ಯಾಕೋ ಜೋರಾಗಿ ಹೊಡೆದುಕೊಳ್ಳುತ್ತಿದೆ ಅಷ್ಟೆ ಎಂದರು. ಅಲ್ಲಿ ವಿಷಯ ತಿಳಿಸಿ, ಸರಿಯಾದ ಬಾಗಿಲು ಹುಡುಕಿದ್ದಾಯಿತು. ಸ್ಕ್ಯಾನ್ ಮಾಡಿ, ಸೂಜಿಯಲ್ಲಿ ಚೂರು ತೆಗೆದು, ಮುಂದಿನ ವಾರ ಬನ್ನಿ ಎಂದು ಕಳಿಸಿದರು.

ಕಾಯುವವರಿಗೆಂದು ಯಾವ ಕ್ಯಾಲೆಂಡರಿನಲ್ಲೂ ಒಂದು ದಿನವಿಲ್ಲ. ಯಜಮಾನರಿಗೆ ಎಲ್ಲ ಹೇಳಿದೆ. ಅವರು ತಮಾಷೆ ಬಿಟ್ಟರು, ಏನೂ ಕೇಳದೆ ಬೆಳಿಗ್ಗೆ ತರಕಾರಿ ಹೆಚ್ಚಿಟ್ಟು ಸ್ಕೂಲಿಗೆ ಹೋಗತೊಡಗಿದರು. ಅದನ್ನು ಕಂಡು ನನಗೆ ಇನ್ನಷ್ಟು ಹೆದರಿಕೆಯಾಯಿತು. ಒಂದು ಸಲ "ಈ ವಾರ ಏನು" ಎಂದು ಕೇಳಬಾರದೇ ಎಂದು ಅಡುಗೆಮನೆಯಲ್ಲಿ ನಿಂತು ಕಾಯುತ್ತಿದ್ದೆ.

ಹೇಳಿದ ದಿನ ಚಿಕ್ಕವ್ವನೇ ಜೊತೆಗೆ ಬಂದಳು. ಡಾಕ್ಟರು ಹಗುರಾಗಿ, ಬಸ್ಸಿನ ಹೊತ್ತು ಹೇಳುವವರ ಹಾಗೆ ಹೇಳಿದರು: ಕೆಟ್ಟದ್ದೇನೂ ಅಲ್ಲ, ಸಾಧಾರಣ ಗಂಟು, ಆಗಾಗ ಬಂದು ತೋರಿಸುತ್ತಿರಿ. ಹೊರಗೆ ಬಂದೆ. ಚಿಕ್ಕವ್ವನಿಗೆ ಹೇಳಿದೆ. "ಒಳ್ಳೇದಾಯ್ತು ಬುಡವ್ವ" ಎಂದಳು. ಅವಳು ದೇವರಿಗೆ ಕೈಮುಗಿದು ಕಾರಿಡಾರೆಲ್ಲ ಕೇಳುವ ಹಾಗೆ ಕೂಗುತ್ತಾಳೆಂದುಕೊಂಡಿದ್ದೆ. ಬೆಂಚಿನಿಂದ ಏಳಲೂ ಇಲ್ಲ.

"ನಡಿ ಚಿಕ್ಕವ್ವ, ಬಸ್ಸು ಹೋಗುತ್ತೆ."

"ಓಗ್ಲಿ ಬುಡು. ಬಂದಿದ್ದು ಬಂದಿವಿ, ನಂದೂ ಒಂಚೂರು ತೋರುಸ್ಬುಡವ."

"ನಿಂದೇನು?"

"ಅವತ್ತು ನೀನು ಬುಡ್ಸಿ ಯೋಳುದ್ಯಲ್ಲ ಮನೇಲಿ, ಊರಿಗೋಗಿ ನಾನೂ ಮುಟ್ ನೋಡ್ಕಂಡೆ. ನಿಂದು ಮೊದ್ಲು ಮುಗೀಲಿ ಅಂತ ಸುಮ್ಕಿದ್ದೆ ಕಣವ್ವ." ಅವಳ ಕೈ ಹಿಡಿದುಕೊಂಡೆ. ಜೀವನವಿಡೀ ಹಾಲು ಕರೆದು ಒರಟಾದ ಕೈ, ಐಸಿನಂತೆ ತಣ್ಣಗಿತ್ತು. ಈಗ ತಾನೇ ನನ್ನಿಂದ ಇಳಿದಿದ್ದ ಹೆದರಿಕೆ ಹಾಗೇ ವಾಪಸು ಬಂತು.

ಮತ್ತೆ ಅದೇ ಕಿಟಕಿ, ಹಿಂದೆ ಅದೇ ಉದ್ದದ ಸಾಲು. "ಏನು ತೊಂದರೆ?" ಎಂದರು ಒಳಗಿನವರು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕವ್ವ ಕಿಟಕಿಗೆ ಮುಖವಿಟ್ಟು, "ಮೊಲೇಲಿ ಗಂಟು ಕಣಮ್ಮ" ಎಂದಳು. ಇಡೀ ಸಾಲಿಗೆ ಕೇಳಿಸಿತು. ಗಂಡಸರು ಗೋಡೆಯ ಕಡೆ ತಿರುಗಿದರು. ಸಾಲಿನ ಕೊನೆಯಲ್ಲಿದ್ದ ಇಬ್ಬರು ಹೆಂಗಸರು ಸಾಲು ಬಿಟ್ಟು ಬಂದು ನಮ್ಮ ಹತ್ತಿರ ನಿಂತುಕೊಂಡರು.